ಅವ್ವ ಬಿಚ್ಚಿದ ಸುತ್ತುಗಳು

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಗೋಡೆಯ ಮೇಲೆ ಕಾರು ಓಡಿಸಿದವನು. ದಸರಾ ವಸ್ತುಪ್ರದರ್ಶನದಲ್ಲಿ ಹಲಗೆ ಜೋಡಿಸಿ ಕಟ್ಟಿದ ದೊಡ್ಡ ಬಾವಿಯನ್ನು ನೀವು ನೋಡಿರಬಹುದು. ಮೇಲೆ ಸುತ್ತಲೂ ಜನ ನಿಂತು ಇಣುಕುತ್ತಾರೆ, ಕೆಳಗಿನಿಂದ ಬೈಕು, ಕಾರು ಸುತ್ತು ಹಾಕುತ್ತ ನೆಟ್ಟಗಿನ ಗೋಡೆ ಹತ್ತುತ್ತವೆ. ಸಾವಿನ ಬಾವಿ ಅಂತ ಬೋರ್ಡು. ಮೊದಲು ಕೂಲಿಗೆ ಬೈಕು ಓಡಿಸಿದೆ, ಆಮೇಲೆ ಕಾರು, ಕೊನೆಗೆ ಬಾವಿಯೇ ನನ್ನದಾಯಿತು. ಎರಡು ಹಳೇ ಕಾರು, ಕೆಲವು ಬೈಕು, ಒಂದು ಲಾರಿ ತುಂಬ ಹಲಗೆ, ಮತ್ತು ನನ್ನ ಮಾತನ್ನು ಒಂದೇ ಸಲಕ್ಕೆ ಎಂದೂ ಕೇಳದ ಒಂದು ತಂಡ. ಎಲ್ಲರೂ ನನ್ನನ್ನು ಓನರ್ ಅನ್ನುತ್ತಿದ್ದರು. ಹಲಗೆ ಹೊರುವಾಗ ಮಾತ್ರ ಓನರ್ ಯಾರೆಂಬುದು ಅವರಿಗೆ ಮರೆತುಹೋಗುತ್ತಿತ್ತು.

ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲಿ ಇದನ್ನು ಯಾರೂ ಕೆಲಸ ಅಂತ ಒಪ್ಪಿರಲಿಲ್ಲ. ಆದರೆ ಅವ್ವನಿಗೆ ಇದ್ದದ್ದು ಬೇರೆಯದೇ ಭಯ. ಕಾರು ಹೇಗೆ ಹತ್ತುತ್ತದೆಂದು ಒಂದು ದಿನ ಊಟದ ತಟ್ಟೆಯ ಅಂಚಿನಲ್ಲಿ ಬೆರಳು ಸುತ್ತಿಸಿ ತೋರಿಸುತ್ತಿದ್ದೆ. ಅವಳು ನನ್ನ ಬೆರಳನ್ನೇ ಹಿಡಿದು ನಿಲ್ಲಿಸಿದಳು.

"ಎಡಕ್ಕೆ ಸುತ್ತೀಯಾ? ದೇವ್ರಿಗೆ ಬಲಕ್ಕೆ ಸುತ್ತೋದು ಕಣ್ಲಾ. ಎಡಕ್ಕೆ ಸುತ್ತೋದು ಹೆಣಕ್ಕೆ."

ನಮ್ಮ ಕಾರುಗಳಲ್ಲಿ ಸ್ಟೇರಿಂಗು ಬಲಗಡೆ ಇರುತ್ತದೆ, ಎಡಕ್ಕೆ ಸುತ್ತಿದರೆ ಡ್ರೈವರ್ ಮೇಲುಗಡೆ ಬರುತ್ತಾನೆ, ಜನಕ್ಕೆ ಕಾಣುತ್ತಾನೆ, ಬಲಕ್ಕೆ ಸುತ್ತಿದರೆ ಕೆಳಗೆ ಮುಚ್ಚಿಹೋಗುತ್ತಾನೆ ಎಂದು ವಿವರಿಸಿದೆ.

"ನನ್ ಮುಖ ಕಾಣ್ದಿದ್ರೆ ಟಿಕೆಟ್ ಯಾರ್ ತಗೋತಾರೆ ಅವ್ವ?"

"ನಿನ್ ಮುಖ ನೋಡೋಕೆ ಟಿಕೆಟ್ ಬೇರೆ ತಗೋತಾರಾ?" ಅಂದಳು.

ಇಬ್ಬರೂ ನಕ್ಕೆವು, ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮಾರನೇ ಬೆಳಿಗ್ಗೆ ಅವಳು ಬೀದಿಯ ಕೊನೆಯ ಗುಡಿಗೆ ಹೋಗಿ, ಕಾಲು ಸೋಲುವವರೆಗೂ ಪ್ರದಕ್ಷಿಣೆ ಹಾಕಿ ಬಂದು, ಜಗುಲಿಯ ಮೇಲೆ ಕೂತು ಏದುಸಿರು ಬಿಡುತ್ತ, "ನೀ ಸುತ್ತಿದ್ನ ನಾ ಬಿಚ್ಬುಟ್ಟೆ" ಅಂದಳು. ದಾರದ ಉಂಡೆಯ ಬಗ್ಗೆ ಮಾತಾಡಿದ ಹಾಗೆ.

ಅಂದಿನಿಂದ ಅದೇ ರೂಢಿಯಾಯಿತು. ಆಟ ಮುಗಿಸಿ ಮನೆಗೆ ಬಂದರೆ ಮೊದಲ ಪ್ರಶ್ನೆ, "ಎಷ್ಟ್ ಆಟ ಆಯ್ತು?" ಅವಳಿಗೆ ಕಷ್ಟವಾಗದಿರಲೆಂದು ಕಡಿಮೆ ಹೇಳಿದರೆ ನಂಬುತ್ತಿರಲಿಲ್ಲ. ಆಟ ಜಾಸ್ತಿಯಾದ ದಿನ ನನ್ನ ಕತ್ತು ಒಂದು ಕಡೆಗೆ ವಾಲಿರುತ್ತಿತ್ತು, ಅದನ್ನು ನೋಡಿಯೇ ಲೆಕ್ಕ ಹಾಕುತ್ತಿದ್ದಳು. ದೂರದ ಊರುಗಳಿಗೆ ಹೋದಾಗ ಫೋನಿನಲ್ಲಿ ಕೇಳುತ್ತಿದ್ದಳು. ತಂಡದವರು ಮೊದಲು ಗೇಲಿ ಮಾಡಿದರು. ಆಮೇಲೆ ಅವರೇ, ಬೈಕು ಸ್ಟಾರ್ಟ್ ಮಾಡುವ ಮುಂಚೆ, "ಅಜ್ಜಿ ಗುಡಿಗೆ ಹೋಗಿದ್ರಾ ಓನರ್?" ಅಂತ ಕೇಳತೊಡಗಿದರು. ನಾನು ಗೇಲಿಯನ್ನೂ ಮಾಡಲಿಲ್ಲ, ನಂಬಿದೆ ಅಂತಲೂ ಹೇಳಲಿಲ್ಲ. ಆದರೆ ಅವಳಿಗೆ ಜ್ವರ ಬಂದು ಗುಡಿಗೆ ಹೋಗದ ದಿನ ಕಾರಿನ ಚಕ್ರದ ನಟ್ಟುಗಳನ್ನು ಎರಡೆರಡು ಸಲ ಬಿಗಿ ಮಾಡುತ್ತಿದ್ದೆ.

ಆಟ ನೋಡಲು ಅವಳು ಒಮ್ಮೆಯೂ ಬರಲಿಲ್ಲ. "ನಾ ಬಂದ್ ನಿಂತ್ರೆ ನಿನ್ ಕಣ್ಣು ನನ್ ಕಡೆ ಬತ್ತದೆ, ಬ್ಯಾಡ" ಅನ್ನುತ್ತಿದ್ದಳು. ಗೋಡೆ ಬಿಟ್ಟು ಕಣ್ಣು ಬೇರೆ ಕಡೆ ಹೋಗಬಾರದೆಂದು ಅವಳಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಊರೆಲ್ಲ ಚಪ್ಪಾಳೆ ತಟ್ಟಿತು, ಅವಳೊಬ್ಬಳು ತಟ್ಟಲಿಲ್ಲ. ಆ ಕೊರಗು ನನಗೆ ಈಗಲೂ ಇದೆ.

ಮಂಡಿ ಕೈಕೊಟ್ಟ ಮೇಲೆ ಗುಡಿಯ ಬದಲು ಮನೆಯ ತುಳಸಿಕಟ್ಟೆ ಸುತ್ತಿದಳು, ಕಟ್ಟೆಯ ಅಂಚು ಹಿಡಿದುಕೊಂಡು. ಹೋದ ದಸರಾ ಹೊತ್ತಿಗೆ ಹಾಸಿಗೆ ಹಿಡಿದಿದ್ದಳು. ಒಂದು ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದರೆ ಅವಳ ಬೆರಳು ಕಂಬಳಿಯ ಮೇಲೆ ಬಲಕ್ಕೆ, ಮತ್ತೆ ಬಲಕ್ಕೆ ಸುತ್ತುತ್ತಿತ್ತು. ನೋಡಲಾಗಲಿಲ್ಲ.

"ಸಾಕು, ಬುಟ್ಬುಡವ್ವ," ಅಂದೆ.

"ನೀ ಬುಡು. ನಾನೂ ಬುಡ್ತೀನಿ."

"ಈ ಸೀಸನ್ ಒಂದು ಮುಗೀಲಿ. ಆಮೇಲೆ ಕಾರು ಮುಟ್ಟಲ್ಲ."

"ಆಯ್ತು, ಅಲ್ಲೀಗಂಟ ಇರ್ತೀನಿ," ಅಂದಳು.

ಇದ್ದಳು. ಪ್ರದರ್ಶನ ಮುಗಿದು, ಬಾವಿ ಬಿಚ್ಚಿ ಹಲಗೆಗಳನ್ನು ಲಾರಿಗೆ ತುಂಬಿಸುತ್ತಿದ್ದಾಗ ಮನೆಯಿಂದ ಫೋನ್ ಬಂತು.

ಸ್ಮಶಾನದಲ್ಲಿ ನನ್ನ ಹೆಗಲ ಮೇಲೆ ನೀರಿನ ಮಡಕೆ ಇಟ್ಟರು. ಅವ್ವನ ತಮ್ಮ, ನನ್ನ ಸೋದರಮಾವ, ಮಡಕೆಗೆ ತೂತು ಮಾಡಲು ಹಿಂದೆ ನಿಂತಿದ್ದರು. "ಎಡಕ್ಕೆ ಸುತ್ತಪ್ಪ" ಅಂದರು. ಲಕ್ಷಾಂತರ ಸುತ್ತು ಎಡಕ್ಕೆ ಹಾಕಿದ ನನಗೆ ಹೆಜ್ಜೆ ಎತ್ತಲಾಗಲಿಲ್ಲ. ಅವರೇ ಮೆಲ್ಲಗೆ ದೂಡಿದರು. ಗೋಡೆಯ ಮೇಲೆ ಎಂದೂ ತಿರುಗದ ತಲೆ ಆ ನೆಲದ ಮೇಲೆ ತಿರುಗಿತು. ಒಂದು ಸುತ್ತಾಯಿತು, ಎರಡಾಯಿತು, ಮೂರಾಯಿತು. ಮಡಕೆಯ ನೀರು ಬೆನ್ನ ಮೇಲೆ ಹರಿಯುತ್ತಿತ್ತು. ಇನ್ನು ಹಿಂದಕ್ಕೆ ಎತ್ತಿಹಾಕು ಅಂತ ಯಾರೋ ಹೇಳಿದರು. ನಾನು ನಿಲ್ಲಲಿಲ್ಲ. ಗೋಡೆಯ ಮೇಲೆ ನಿಂತವನು ಬೀಳುತ್ತಾನೆ. ಈ ಮೈಗೆ ಗೊತ್ತಿರುವುದು ಅದೊಂದೇ. ನಾಲ್ಕನೇ ಸುತ್ತಿಗೂ ಹೋಗಿಬಿಟ್ಟೆ. ಜನ ಕೂಗಿದರು. ಮಾವ ಓಡಿಬಂದು ತಬ್ಬಿ ಹಿಡಿದು, "ಆಯ್ತು ಕಣಪ್ಪ, ಮುಗೀತು, ಬುಟ್ಬುಡು" ಅಂದರು. ಮಡಕೆ ತಾನಾಗಿ ಜಾರಿ ಒಡೆಯಿತು.

ಹಲಗೆಗಳು ಈಗ ಯಾವುದೋ ಕಟ್ಟಡದ ಸೆಂಟ್ರಿಂಗಿಗೆ ಹೋಗಿವೆ. ತಂಡದವರು ಬೇರೆ ಬಾವಿ ಸೇರಿಕೊಂಡಿದ್ದಾರೆ, ಆಗಾಗ ಫೋನ್ ಮಾಡುತ್ತಾರೆ. ನಾನು ಬೆಳಿಗ್ಗೆ ಬೀದಿಯ ಕೊನೆಯ ಗುಡಿಗೆ ಹೋಗುತ್ತೇನೆ. ಬಲಕ್ಕೆ ಸುತ್ತಿ ಅಭ್ಯಾಸವಿಲ್ಲ, ತಲೆ ಸುತ್ತುತ್ತದೆ, ಕಂಬ ಹಿಡಿದುಕೊಳ್ಳುತ್ತೇನೆ. ನಾಲ್ಕೇ ಸುತ್ತು ಹಾಕುವುದನ್ನು ನೋಡಿ ಪೂಜಾರಿ ಒಮ್ಮೆ, "ಅದೇನ್ ಹರಕೆ ಸ್ವಾಮಿ, ನಾಲ್ಕು?" ಅಂತ ಕೇಳಿದರು. ಅವ್ವ ಬಿಚ್ಚಿದಷ್ಟು ದಿನವೂ ನಾನು ಮನೆಗೆ ವಾಪಸ್ಸು ಬಂದೆ. ನಾನೂ ದಿನಾ ಬಿಚ್ಚುತ್ತಿದ್ದೇನೆ. ಅವಳು ಬಂದಿಲ್ಲ.