ತಡವಾಗಿ ಮಾಡಿದ ಬಾಣಂತನ

ಬಾಗಲೂರಿನ ನಮ್ಮ ಮನೆಯ ಹಿಂದೆ ನಾಲ್ಕು ಶೀಟ್ ಮನೆಗಳಿವೆ. ಸುತ್ತ ಅಪಾರ್ಟ್‌ಮೆಂಟ್‌ಗಳು ಏಳತೊಡಗಿದ ಮೇಲೆ, ಕಟ್ಟಡದ ಕೆಲಸಕ್ಕೆ ಬರುವವರಿಗೆ ಬಾಡಿಗೆಗೆಂದು ನಾವೇ ಕಟ್ಟಿಸಿದ್ದು. ಕೊನೆಯ ಮನೆಗೆ ರಾಯಚೂರು ಕಡೆಯ ಗಂಡ ಹೆಂಡತಿ ಬಂದರು. ಗಂಡ ಸೆಂಟ್ರಿಂಗ್ ಕೆಲಸದವನು. ಹೆಂಡತಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಮುಖ ಎತ್ತಿ ಮಾತಾಡುತ್ತಿರಲಿಲ್ಲ, ಬೆಳಗಾದರೆ ನಲ್ಲಿಯ ಹತ್ತಿರ ಬಟ್ಟೆ ಒಗೆಯುವುದೇ ಒಗೆಯುವುದು. ತಿಂಗಳು ತುಂಬುವಷ್ಟರಲ್ಲಿ ಆ ಮನೆ ಕಡೆಯಿಂದ ನಾತ ಶುರುವಾಯಿತು.

ನನ್ನ ಬಾಯಿ ಊರಿಗೇ ಗೊತ್ತು. ಒಂದು ಭಾನುವಾರ ಹೋಗಿ ಬಾಗಿಲಲ್ಲೇ ನಿಂತು, ಮನೆ ಶುಚಿಯಾಗಿ ಇಟ್ಟುಕೊಳ್ಳಲು ಬಾರದಿದ್ದರೆ ಖಾಲಿ ಮಾಡಿ ಎಂದು ಕೂಗಾಡಿದೆ. ಅವಳು ಗಂಡನನ್ನು ಹೊರಗೆ ಕಳಿಸಿ, ನನ್ನನ್ನು ಒಳಗೆ ಕರೆದು, ಸೀರೆಯೊಳಗೆ ಕಟ್ಟಿಕೊಂಡಿದ್ದ ಬಟ್ಟೆ ತೋರಿಸಿದಳು. ತೊಯ್ದು ತೊಪ್ಪೆಯಾಗಿತ್ತು. ಮೂರು ವರ್ಷದ ಹಿಂದೆ ಊರಲ್ಲಿ ಮೊದಲ ಹೆರಿಗೆ. ಎರಡು ದಿನ ನೋವು ತಿಂದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ಸತ್ತಿತ್ತಂತೆ. ಅಂದಿನಿಂದ ಕೂತರೂ ನಿಂತರೂ ಮೂತ್ರ ಸೋರುವುದೇ. ದೇವರು ಕೊಟ್ಟ ಶಿಕ್ಷೆ ಎಂದುಕೊಂಡು ಗಂಡನನ್ನು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ನನ್ನ ನಾಲಿಗೆಯನ್ನು ಕಿತ್ತು ಬಿಸಾಡಬೇಕು ಅನ್ನಿಸಿತು.

ನಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಅವತ್ತೇ ಹಿಡಿದೆ. ಇದಕ್ಕೆ ಆಪರೇಷನ್ ಇದೆ ಎಂದಳು. ಹೆಬ್ಬಾಳದ ಆಚೆಗಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಮಗುವಿನ ತಲೆ ಎರಡು ದಿನ ಒತ್ತಿ ಮೂತ್ರಕೋಶದಲ್ಲಿ ತೂತಾಗಿದೆ, ಹೊಲಿಯಬಹುದು ಎಂದರು. ಆದರೆ ಹೊಲಿಗೆ ಮಾಯುವವರೆಗೆ ಎರಡು ವಾರ ಮೂತ್ರ ಬ್ಯಾಗಿಗೆ ಇಳಿಯಲು ಟ್ಯೂಬ್ ಇರಬೇಕು, ಮೂತ್ರಕೋಶ ತುಂಬಲೇಬಾರದು. ಹೊಲಿಗೆ ಬಿಟ್ಟುಕೊಂಡರೆ ಎರಡನೇ ಸಲ ಕೂಡಿಸುವುದು ಕಷ್ಟ ಎಂದೂ ಮೊದಲೇ ಹೇಳಿಬಿಟ್ಟರು.

ಹೆಂಗಸರ ವಾರ್ಡಿನಲ್ಲಿ ಗಂಡಸರು ಉಳಿಯುವಂತಿಲ್ಲ, ಹಾಗಾಗಿ ನಾನೇ ಉಳಿದೆ. ಮಗು ಸತ್ತಿದ್ದರಿಂದ ಅವಳಿಗೆ ಯಾರೂ ಬಾಣಂತನವನ್ನೇ ಮಾಡಿರಲಿಲ್ಲ, ಹದಿನೈದು ದಿನಕ್ಕೇ ಕೂಲಿಗೆ ಹೋಗಿದ್ದಳಂತೆ.  ಆಗ ಆಗದ್ದು ಈಗಲಾದರೂ ಆಗಲಿ ಎಂದು ಟೊಂಕ ಕಟ್ಟಿದೆ. ಇಬ್ಬರು ಹೆಣ್ಣುಮಕ್ಕಳ, ಒಬ್ಬ ಸೊಸೆಯ ಬಾಣಂತನ ಮಾಡಿದ ಕೈ ನನ್ನದು. ಆಪರೇಷನ್ ಆದ ಮಾರನೆಯ ದಿನವೇ ಅವಳ ತಲೆಗೆ, ಕಿವಿಗೆ ಬಟ್ಟೆ ಕಟ್ಟಿಸಿದೆ. ಮನೆಯಿಂದ ಮೆಣಸು ಬೆಳ್ಳುಳ್ಳಿ ಸಾರು ತರಿಸಿದೆ. ನಮ್ಮ ಕಡೆ ಬಾಣಂತಿಗೆ ನೀರು ಕೊಡುವುದಿಲ್ಲ. ಕುಡಿದರೆ ಶೀತ ಆಗುತ್ತದೆ, ಹೊಟ್ಟೆ ಬರುತ್ತದೆ ಎಂದು. ಬೆಳಗ್ಗೆ ಅರ್ಧ ಲೋಟ, ಸಂಜೆ ಅರ್ಧ ಲೋಟ ಬಿಸಿನೀರು, ಅಷ್ಟೇ. ಅವಳೂ ಕೇಳಲಿಲ್ಲ. ಸೋರೀತೆಂದು ಹೆದರಿ ಮೂರು ವರ್ಷ ಗುಟುಕು ಗುಟುಕು ಕುಡಿದೇ ಬದುಕಿದ್ದವಳು. ಸಿಸ್ಟರ್ ಜಗ್ ತುಂಬಿಸಿಟ್ಟು ಹೋದರೆ ನಾನು ಅದನ್ನು ಮಂಚದ ಕೆಳಗೆ ತಳ್ಳುತ್ತಿದ್ದೆ. ಈ ಎಳೇ ಹುಡುಗಿಯರಿಗೆ ಬಾಣಂತನದ ವಿಷಯ ಏನು ಗೊತ್ತು ಎಂಬ ಜಂಬ ನನಗೆ.

ಮೂರನೆಯ ದಿನ ಮಧ್ಯಾಹ್ನ ಸಿಸ್ಟರ್ ಮೂತ್ರದ ಬ್ಯಾಗ್ ಎತ್ತಿ ನೋಡಿದರು. ತಳದಲ್ಲಿ ಕಷಾಯದ ಬಣ್ಣದ್ದು ಒಂದಿಷ್ಟು. ಬೆಳಗ್ಗೆಯಿಂದ ಒಂದು ಹನಿ ಇಳಿದಿರಲಿಲ್ಲ. ಕಿಬ್ಬೊಟ್ಟೆ ಬಿಗಿಯುತ್ತಿದೆ ಎಂದಳು ಮಲಗಿದ್ದವಳು. ಸಿಸ್ಟರ್ ಓಡಿಹೋಗಿ ಸಿರಿಂಜ್ ತಂದು ಟ್ಯೂಬಿಗೆ ನೀರು ಹಾಯಿಸಿದರು. ಕಟ್ಟಿಕೊಂಡಿದ್ದದ್ದು ಬಿಟ್ಟಿತು. ಆಮೇಲೆ ನನ್ನ ಕಡೆ ತಿರುಗಿ, ಎಷ್ಟು ನೀರು ಕುಡಿಸಿದಿರಿ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ.

“ಅಮ್ಮಾ, ಇವ್ರು ಬಾಣಂತಿ ಅಲ್ಲ. ನೀರು ಕಮ್ಮಿಯಾದ್ರೆ ಟ್ಯೂಬ್ ಕಟ್ಕೊಳ್ಳುತ್ತೆ, ಒಳಗೆ ತುಂಬಿ ಹೊಲಿಗೆ ಬಿಟ್ಕೊಳ್ಳುತ್ತೆ. ಈಗ ಹೊಲಿಗೆ ಏನಾಗಿದ್ಯೋ, ಟ್ಯೂಬ್ ತೆಗೆಯೋವರ್ಗೂ ಹೇಳಕ್ಕಾಗಲ್ಲ” ಎಂದರು ಸಿಸ್ಟರ್.

 ಊರಿಗೆಲ್ಲ ಬುದ್ಧಿ ಹೇಳುವವಳು ನಾನು, ಇಷ್ಟು ನರಳಿದವಳ ಬಾಳಿಗೆ ನಾನೇ ಕಲ್ಲು ಹಾಕಿದೆನಲ್ಲ! ವರಾಂಡದಲ್ಲಿ ಕೂತು ಅತ್ತೆ. ಒಳಗೆ ಬಂದು, ತಪ್ಪು ನನ್ನದೇ ಎಂದು ಅವಳಿಗೆ ಹೇಳಿದೆ. ಅವಳು ಬೈಯಬಹುದಿತ್ತು. “ನನಗ ಇಷ್ಟು ಯಾರೂ ಮಾಡಿದ್ದಿಲ್ರಿ, ಅಕ್ಕಾರ” ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ಜಗ್ ಹಿಡಿದು ಅವಳ ಜೀವ ತಿಂದೆ. ಹೊಟ್ಟೆ ಬಂದರೆ ಬರಲಿ, ಗುಡಾಣದಂತೆ ಆದರೂ ಪರವಾಗಿಲ್ಲ, ಕುಡಿ ಎಂದು ಗದರಿಸುತ್ತಿದ್ದೆ. ಅವಳು ನಗುತ್ತಾ ಕುಡಿಯುತ್ತಿದ್ದಳು. ನಾನು ಗಳಿಗೆಗೊಮ್ಮೆ ಬಗ್ಗಿ ಬ್ಯಾಗ್ ನೋಡುತ್ತಿದ್ದೆ. ತಿಳಿಯಾಗಿ ಇಳಿಯುತ್ತಿತ್ತು.

ಹದಿನಾಲ್ಕನೆಯ ದಿನ ಬೆಳಗ್ಗೆ ಟ್ಯೂಬ್ ತೆಗೆದರು. ನೀರು ಕುಡಿದು ಓಡಾಡುತ್ತಿರಿ, ಮೂತ್ರ ಬಂದರೆ ತಡೆದುಕೊಳ್ಳಬೇಡಿ, ಬಟ್ಟೆ ಒದ್ದೆಯಾದರೆ ತಕ್ಷಣ ಹೇಳಿ ಎಂದರು ಡಾಕ್ಟರಮ್ಮ. ಅವಳು ಮುಂದೆ, ನಾನು ಹಿಂದೆ. ನನ್ನ ಕಣ್ಣೆಲ್ಲ ಅವಳ ನೈಟಿಯ ಹಿಂಭಾಗದ ಮೇಲೆ. ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಕಿಟಕಿಯ ಹತ್ತಿರ ಅವಳು ಗಕ್ಕನೆ ನಿಂತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಹೋಯಿತು, ಬಿಟ್ಟುಕೊಂಡಿತು ಎಂದುಕೊಂಡು ನೆಲ ನೋಡಿದೆ. ನೆಲ ಒಣಗಿಯೇ ಇತ್ತು.

“ಅಕ್ಕಾರ, ನನಗ ಉಚ್ಚಿ ಬಂದಂಗ ಆಗಾಕತ್ತೈತ್ರಿ.”

ಮೂರು ವರ್ಷದಲ್ಲಿ ಅವಳಿಗೆ ಹಾಗೆ ಅನ್ನಿಸಿದ್ದು ಅದೇ ಮೊದಲು. ಕೈ ಹಿಡಿದು ಬಚ್ಚಲಿನ ಕಡೆ ಎಳೆದುಕೊಂಡು ಹೋದೆ. ಬಾಗಿಲ ಹತ್ತಿರ ಕಾಲೂರಿ ನಿಂತುಬಿಟ್ಟಳು. ಕಣ್ಣ ತುಂಬ ನೀರು, ಬಾಯ ತುಂಬ ನಗು.

“ಒಂದೀಟು ನಿಂದರ್ರಿ. ತಡಕೊಳ್ಳಾಕ ಬರ್ತೈತೇನ ನೋಡ್ತೀನಿ.”

“ತಡ್ಕೋಬ್ಯಾಡ ಅಂದವ್ರೆ ಕಣೇ, ಒಳೀಕ್ ಓಗು ಮೊದ್ಲು” ಎಂದು ಬೈದೆ. ಅವಳು ಕೇಳಲಿಲ್ಲ. ಕಣ್ಣು ಮುಚ್ಚಿ, ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಹತ್ತು ಎಣಿಸುವಷ್ಟು ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ತಾನಾಗಿಯೇ ಕೈ ಬಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.