ಚನ್ನಪ್ಪನವರು ಮೂಗು ಹಿಡಿದದ್ದು

ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ ಚನ್ನಪ್ಪನವರಿಗೆ ಎರಡನೆಯ ಸ್ಥಾನವೆಂದರೆ ಆಗದು. ಅಂಗನವಾಡಿಗೆ ಡಾಕ್ಟರು ಬಂದು ಪುಟ್ಟ ಮಕ್ಕಳ ಬೆಳವಣಿಗೆ ಸರಿಯಿದೆಯೇ ಎಂದು ನೋಡುತ್ತಾರೆಂಬ ಸುದ್ದಿ ಬಂದಾಗ ಅವರು ಕೇಳಿದ್ದು ಒಂದೇ: "ಫಸ್ಟ್ ಬಂದೋರ್ಗೆ ಏನ್ ಕೊಡ್ತಾರಂತೆ?"

ಮೊಮ್ಮಗಳು ಧನ್ಯಾಗೆ ಎರಡು ತುಂಬಿದ್ದರೂ ಮಾತು ಬಂದಿರಲಿಲ್ಲ.

"ಇಂದ್ಗಡೆಯಿಂದ ಕೂಗುದ್ರೆ ಮಗು ತಿರುಗಿ ನೋಡಕಿಲ್ಲ ಕಣ್ರೀ," ಎಂದು ಹೆಂಡತಿ ಚಿಕ್ಕಲಕ್ಷ್ಮಮ್ಮ ಎಷ್ಟೋ ಸಲ ಹೇಳಿದ್ದರು.

"ಅದು ಗತ್ತು ಕಣೇ! ಕೂಗ್ದೋರ್ಗೆಲ್ಲ ತಿರುಗಕ್ಕೆ ಅವಳೇನ್ ಆಳಾ? ನಮ್ಮಪ್ಪನೂ ಅಂಗೇ ಇದ್ದ."

ಆ ಅಪ್ಪನಿಗೆ ಕಿವಿ ಮಂದವಾಗಿತ್ತೆಂದು ಚಿಕ್ಕಲಕ್ಷ್ಮಮ್ಮ ನೆನಪಿಸಲು ಹೋಗಲಿಲ್ಲ.

ಸೊಸೆ ಕೆಲಸಕ್ಕೆ ಹೋದಮೇಲೆ ತರಬೇತಿ ಶುರುವಾಗುತ್ತಿತ್ತು. "ಮೂಗೆಲ್ಲವ್ವಾ?" ಎನ್ನುತ್ತ ತಾತ ತಮ್ಮ ಮೂಗು ಹಿಡಿಯುವರು, ಧನ್ಯಾ ತನ್ನದನ್ನು ಹಿಡಿಯುವಳು. ಕಿವಿ, ಹೊಟ್ಟೆ, ಎಲ್ಲವೂ ಹಾಗೆಯೇ. ತಾತ ಹಿಗ್ಗಿಹೋದರು.

ಡಾಕ್ಟರು ಬರುವ ದಿನ ಧನ್ಯಾಗೆ ಜರಿ ಲಂಗ ಹಾಕಿಸಿದರು. ಅಂಗನವಾಡಿಯಲ್ಲಿ ಡಾಕ್ಟರ್ ಪ್ರತಿಭಾ ಚಾಪೆಯ ಮೇಲೆ ಅವಳ ಎದುರು ಕೂತು, "ಪುಟ್ಟಿ, ಮೂಗು ಎಲ್ಲಿ?" ಎಂದರು. ಅವರ ಬೆನ್ನ ಹಿಂದೆ ನಿಂತಿದ್ದ ಚನ್ನಪ್ಪನವರು ಮೆಲ್ಲಗೆ ತಮ್ಮ ಮೂಗು ಹಿಡಿದರು. ಉತ್ತರ ಸರಿಬಂತು. ಕಿವಿಯೂ ಆಯಿತು. "ಹೊಟ್ಟೆ ಎಲ್ಲಿ?" ಎನ್ನುವ ಹೊತ್ತಿಗೆ ಒಂದು ಸೊಳ್ಳೆ ಚನ್ನಪ್ಪನವರನ್ನು ಕಚ್ಚಿತು. ಅವರು ಪಟ್ಟನೆ ಕೆನ್ನೆಗೆ ಹೊಡೆದುಕೊಂಡರು. ಮಗುವೂ ತನ್ನ ಕೆನ್ನೆಗೆ ಪಟ್ಟನೆ ಹೊಡೆದುಕೊಂಡಿತು.

ಡಾಕ್ಟರು ತಿರುಗಿ ನೋಡಿದರು. "ಯಜಮಾನ್ರೇ, ಪರೀಕ್ಷೆ ಮಗೂಗೋ ನಿಮಗೋ? ಸ್ವಲ್ಪ ಹೊರಗಿರಿ."

ಹೊರಗೆ ನಿಂತು ಕಿಟಕಿಯಲ್ಲಿ ಚನ್ನಪ್ಪನವರು ಇಣುಕಿದರು. ಡಾಕ್ಟರು ಧನ್ಯಾಳ ಹಿಂದೆ ಗಂಟೆ ಬಾರಿಸಿದರು. ಬಾಗಿಲಲ್ಲಿದ್ದ ನಾಯಿ ಕಿವಿ ನಿಮಿರಿಸಿತು. ಧನ್ಯಾ ಮಾತ್ರ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಲೇ ಇದ್ದಳು.

"ತಿರುಗವ್ವಾ... ತಿರುಗು ನನ್ ತಾಯಿ," ಎಂದು ತಾತ ಬೇಡಿಕೊಂಡರು.

"ಬುದ್ಧಿ ಚುರುಕಾಗಿದೆ. ಕಿವಿಯನ್ನ ಹಾಸನದಲ್ಲಿ ತೋರಿಸಿ. ಈಗಲೇ ಗೊತ್ತಾದದ್ದು ಒಳ್ಳೇದು," ಎಂದರು ಡಾಕ್ಟರು.

ಮನೆಗೆ ಮರಳುವ ಆಟೋದಲ್ಲಿ ಹೆಂಡತಿಯ ಪಕ್ಕ ಕೂತ ಚನ್ನಪ್ಪನವರ ದನಿ ಇಳಿದಿತ್ತು. "ನೀನ್ ಏಳ್ದಾಗ್ಲೇ ಕೇಳ್ಬೇಕಿತ್ತು ಕಣೇ."

"ನಮ್ಮನೇಲಿ ಕಿವಿ ಕೇಳ್ದಿರೋದು ಮಗೀಗೊಂದೇ ಅಲ್ಲ ಬುಡಿ," ಎಂದರು ಚಿಕ್ಕಲಕ್ಷ್ಮಮ್ಮ.

ಹಾಸನದಲ್ಲಿ ಧನ್ಯಾಳ ಕಿವಿಗೆ ಯಂತ್ರ ಹಾಕಿದರು. ಮಾತು ಕಲಿಸುವಲ್ಲಿಗೆ ವಾರವಾರವೂ ತಾತನೇ ಕರೆದೊಯ್ದರು. ಕೆಲವು ತಿಂಗಳಾದ ಮೇಲೆ, ಬಸ್ಸಿನಲ್ಲಿ, ಅವರ ತೊಡೆಯ ಮೇಲೆ ಕೂತು ಅವಳು "ತಾತ" ಎಂದಳು. ಚನ್ನಪ್ಪನವರು ಇಡೀ ಬಸ್ಸಿಗೆ ಕೇಳುವಂತೆ ಅತ್ತರು.

ಈಗ ಅವರು ಯಾರ ಮನೆಗೆ ಹೋದರೂ ಕೂಸುಗಳ ಬೆನ್ನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟುತ್ತಾರೆ. ಆಗಷ್ಟೇ ಮಗುವನ್ನು ಮಲಗಿಸಿದ ತಾಯಂದಿರು ಅವರನ್ನು ದೂರದಿಂದ ಕಂಡರೆ ಸಾಕು, ಬಾಗಿಲು ಹಾಕಿಕೊಳ್ಳುತ್ತಾರೆ.