ಸೇತುವೆ ಇಳಿದರೆ ಯಾವ ಕಡೆ

ಮಲಾಕಾ ನಗರವನ್ನು ನಾನು ಕಾಲ್ನಡಿಗೆಯಲ್ಲಿ ನೋಡಿದ್ದೇನೆ ಎನ್ನುವುದರಲ್ಲಿ ಅನುಮಾನವಿಲ್ಲ. ಚಪ್ಪಲಿ ಕಿತ್ತುಹೋದದ್ದು ಚೆನ್ನಾಗಿ ನೆನಪಿದೆ. ಉಳಿದದ್ದರ ಬಗ್ಗೆ ಪ್ರಮಾಣ ಮಾಡಲಾರೆ. ಎಷ್ಟನ್ನು ಕಣ್ಣಾರೆ ಕಂಡೆ, ಎಷ್ಟನ್ನು ಆಮೇಲೆ ನ್ಯೂಜೆರ್ಸಿಯ ಗೋಡೆಗಳ ಮೇಲೆ ಕಂಡು ಕಣ್ಣಾರೆ ಕಂಡೆನೆಂದುಕೊಂಡೆ, ಈಗ ಬೇರ್ಪಡಿಸುವುದು ಕಷ್ಟ.

ಅರವತ್ತರ ದಶಕದ ಕೊನೆಯಲ್ಲಿ ಅಮೆರಿಕಕ್ಕೆ ಬರುವ ದಾರಿಯಲ್ಲಿ ಸಿಂಗಪುರದ ಒಂದು ಸೆಮಿನಾರಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಮಲಾಕಾ ತಲುಪಿದ್ದೆ. ಇದ್ದದ್ದು ಒಂದೇ ದಿನ. ಕೆಂಪು ಬಣ್ಣದ ಇಗರ್ಜಿ, ದೋಣಿಗಳು ಒತ್ತಿಕೊಂಡು ನಿಂತ ನದಿ, ಒಣಸಿಗಡಿಯ ವಾಸನೆ, ಒಂದೇ ಬೀದಿಯಲ್ಲಿ ಗಣಪತಿಯ ಗುಡಿ ಮತ್ತು ಮಸೀದಿ. ಅಂಗಡಿಗಳ ಮುಂದಿನ ಜಗಲಿಯ ನೆರಳಲ್ಲೇ ಅರ್ಧ ಊರು ಸುತ್ತಿದೆ. ಒಂದು ರೋಲ್ ಸ್ಲೈಡ್ ಫಿಲ್ಮ್ ಖಾಲಿ ಮಾಡಿದೆ.

ಆ ಒಂದು ರೋಲು ನನ್ನನ್ನು ಏಳೆಂಟು ವರ್ಷ ಸಾಕಿತು. ಆಗ ನಮ್ಮ ಕನ್ನಡದವರಲ್ಲಿ ತಿಂಗಳಿಗೊಂದು, ಮನೆಗೊಂದು ಅಡಿಗೆ ತರುವ ಪಾಟ್‌ಲಕ್ ಊಟ, ಊಟವಾದ ಮೇಲೆ ಸ್ಲೈಡ್ ಶೋ. ಗೋಡೆಗೆ ಬಿಳಿ ಬೆಡ್‌ಶೀಟು ಹೊಡೆದು, ಯಾರಾದರೂ ನಯಾಗರಾದ ಮುಂದೆ ನಿಂತಿದ್ದನ್ನು ಎಲ್ಲರೂ ಮೊಸರನ್ನದ ತೂಕಡಿಕೆಯಲ್ಲಿ ನೋಡುವುದು. ಎಲ್ಲರಿಗೂ ಅದೇ ನಯಾಗರಾ, ನನಗೊಬ್ಬನಿಗೆ ಮಲಾಕಾ. ಹಾಗಾಗಿ ಸಭೆಯಲ್ಲಿ ನನಗೊಂದು ಪೀಠವಿತ್ತು. ಪ್ರತಿ ಸಲವೂ ಅದು ಒಂದಿಂಚು ಎತ್ತರವಾಗುತ್ತಿತ್ತು. ಬೆಳಗಿನ ಜಾವ ಎದ್ದು ನಡೆಯಲು ಹೊರಟೆನೆಂದು ಮೊದಮೊದಲು ಹೇಳುತ್ತಿದ್ದೆನೋ ಇಲ್ಲವೋ ತಿಳಿಯದು. ನಾಲ್ಕನೆಯ ಪ್ರದರ್ಶನದ ಹೊತ್ತಿಗಂತೂ ಸೂರ್ಯನನ್ನು ನಾನೇ ಎಬ್ಬಿಸಿದ್ದೆ.

ಒಂದು ಭಾನುವಾರ ಬಾಸ್ಕಿಂಗ್ ರಿಡ್ಜ್‌ನಲ್ಲಿ ಮಂಗಳೂರಿನ ಕಡೆಯ ಡಾಕ್ಟರೊಬ್ಬರ ಮನೆಯಲ್ಲಿ ಸೇರಿದ್ದೆವು. ಅವರ ತಾಯಿ ಮೊಮ್ಮಗಳನ್ನು ನೋಡಿಕೊಳ್ಳಲು ಊರಿಂದ ಬಂದಿದ್ದರು. ನಾನು ಸೇತುವೆಯ ಮೇಲೆ ನಿಂತು ತೆಗೆದ ಬೀದಿಯ ಚಿತ್ರ ಹಾಕಿದೆ. ಎಡಗಡೆಯ ಅಂಗಡಿಯ ನೆತ್ತಿಯ ಮೇಲೆ ಗಾರೆಯ ಹುಂಜವೊಂದು ಕೂತಿತ್ತು.

“ಅಯ್ಯೋ, ಅದು ನಮ್ಮ ಅಂಗಡಿ ಮಾರಾಯ್ರೆ!” ಎಂದರು ಆ ತಾಯಿ. ಅವರ ತಂದೆಗೆ ಮಲಾಕಾದಲ್ಲಿ ಬಟ್ಟೆ ಅಂಗಡಿ ಇತ್ತಂತೆ. ಹನ್ನೆರಡು ವರ್ಷದವರೆಗೆ ಅವರು ಬೆಳೆದದ್ದು ಅಲ್ಲೇ. “ಹುಂಜ ನೋಡಿ. ಆದ್ರೆ ಅದು ಬಲಬದಿಗಲ್ವಾ ಇರೂದು? ಶಾಲೆಯಿಂದ ಬರುವಾಗ ಸೇತುವೆ ಇಳಿದ್ರೆ ಬಲಕ್ಕೆ. ನಾನು ದಿನಾ ಹೋಗಿದ್ದೇನೆ.”

ನನ್ನ ಪೀಠ ಅಲುಗಾಡಿತು. “ಅಮ್ಮಾ, ಮನುಷ್ಯರು ಮರೀತಾರೆ. ಕ್ಯಾಮರಾ ಮರೆಯೋಲ್ಲ,” ಎಂದೆ. ಎಲ್ಲರೂ ನಕ್ಕರು. ಒಳ್ಳೆಯ ಮಾತೆಂದು ನನಗೂ ಅನ್ನಿಸಿತು.

“ಬಿಡು ಅಮ್ಮ,” ಎಂದರು ಮಗ. “ಮೊನ್ನೆ ಸ್ಟವ್ ಆಫ್ ಮಾಡ್ಲಿಕ್ಕೂ ಮರ್ತಿದ್ದಿ.”

ಆಕೆ ಹುಂಜವನ್ನೇ ನೋಡುತ್ತಿದ್ದರು, ನಾನು ಗುಂಡಿ ಒತ್ತಿ ಗಣಪತಿ ಗುಡಿಗೆ ಹೋದೆ.

ಕೆಲವು ವಾರಗಳ ಮೇಲೆ ನನ್ನ ಹೆಂಡತಿ ಸುದ್ದಿ ತಂದಳು. ಡಾಕ್ಟರು ತಾಯಿಯನ್ನು ಮಗುವಿನ ಜೊತೆ ಒಬ್ಬರನ್ನೇ ಬಿಡುವುದಿಲ್ಲವಂತೆ. ಊರಿಗೆ ಕಳಿಸುವ ಮಾತೂ ನಡೆದಿದೆಯಂತೆ. “ಸ್ವಂತ ಅಂಗಡಿ ಎಡಕ್ಕೋ ಬಲಕ್ಕೋ ಅನ್ನೋದೇ ಅವರಿಗೆ ನೆನಪಿಲ್ವಲ್ಲ, ನೀವೇ ತೋರಿಸಿಕೊಟ್ರಲ್ಲ,” ಎಂದಳು. ಅದರಲ್ಲಿ ಹೊಗಳಿಕೆ ಇರಲಿಲ್ಲ.

ನನ್ನ ಆತ್ಮಸಾಕ್ಷಿ ತಕ್ಷಣ ಎಚ್ಚೆತ್ತಿತು ಎಂದು ಬರೆಯಬಹುದಿತ್ತು. ನಿಜವೆಂದರೆ, ನಾನೇ ಸರಿ ಎನ್ನುವುದಕ್ಕೆ ಇನ್ನೊಂದು ಸಾಕ್ಷಿ ಬೇಕೆನಿಸಿತು. ಹುಂಜದ ಪಕ್ಕದ ಅಂಗಡಿಗೆ ಚೀನೀ ಅಕ್ಷರದ ದೊಡ್ಡ ಬೋರ್ಡಿತ್ತು. ಅದರಲ್ಲೇನಿದೆಯೆಂದು ತಿಳಿದರೆ ಆ ತಾಯಿಯನ್ನೇ ಕೇಳಿ ಪರೀಕ್ಷಿಸಬಹುದೆಂದು, ಸ್ಲೈಡನ್ನು ಜೇಬಿನಲ್ಲಿಟ್ಟುಕೊಂಡು ಮ್ಯಾನ್‌ಹಟನ್ನಿನ ಚೈನಾಟೌನಿನಲ್ಲಿ ನಾನು ಊಟ ಮಾಡುತ್ತಿದ್ದ ನೂಡಲ್ ಅಂಗಡಿಗೆ ಹೋದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಮುದುಕ ಅದನ್ನು ಟ್ಯೂಬ್‌ಲೈಟಿಗೆ ಹಿಡಿದ. ಮುಖ ಗಂಟಿಕ್ಕಿದ. ಆಮೇಲೆ ಹೋಟೆಲಿಗೆಲ್ಲ ಕೇಳುವಂತೆ ನಕ್ಕು, ಸ್ಲೈಡನ್ನು ಮಗುಚಿ, ಹಿಡಿದುಕೊಂಡೇ ಓದಿದ: ಗಿಡಮೂಲಿಕೆ ಔಷಧಿ.

ಮಗುಚಿದ ಸ್ಲೈಡಿನಲ್ಲಿ ಹುಂಜ ಬಲಗಡೆ ಇತ್ತು.

ಪ್ರೊಜೆಕ್ಟರಿನ ತಟ್ಟೆಯಲ್ಲಿ ಸ್ಲೈಡನ್ನು ತಲೆಕೆಳಗಾಗಿ ಇಡಬೇಕು. ನಾನು ತಲೆಯನ್ನು ಕೆಳಗೆ ಮಾಡಿದ್ದು ಸರಿಯೇ, ಆದರೆ ಬೆನ್ನನ್ನೂ ಮುಂದಕ್ಕೆ ಮಾಡಿ, ಇಡೀ ರೋಲನ್ನು ಹಾಗೆಯೇ ಜೋಡಿಸಿ ವರ್ಷಗಟ್ಟಲೆ ಮುಟ್ಟಿರಲಿಲ್ಲ. ಪ್ರದರ್ಶನಕ್ಕೆ ಬರುತ್ತಿದ್ದ ಎಂಜಿನಿಯರು, ಡಾಕ್ಟರು, ಪ್ರೊಫೆಸರುಗಳಲ್ಲಿ ಯಾರಿಗೂ ಚೀನೀ ಬಾರದು. ಹೀಗೆ ಪೂರ್ತಿ ನಗರವೊಂದು ಕನ್ನಡಿಯೊಳಗೆ ನಿಂತುಕೊಂಡಿತು, ನಾನು ಅದಕ್ಕೆ ಮಾರ್ಗದರ್ಶಿಯಾದೆ. ಮನೆಗೆ ಬಂದು ಗಡಿಯಾರದ ಗೋಪುರದ ಸ್ಲೈಡನ್ನೂ ಮಗುಚಿ ನೋಡಿದೆ. ಒಂಬತ್ತು ಇಪ್ಪತ್ತಾಗಿದ್ದದ್ದು ಎರಡೂ ನಲವತ್ತಾಯಿತು. ಬೆಳಗಿನ ಜಾವ ಎದ್ದವನು ಮಧ್ಯಾಹ್ನದ ಊಟ ಮುಗಿಸಿ ಹೊರಟಿದ್ದನೇನೋ.

ಮುಂದಿನ ಪಾಟ್‌ಲಕ್ಕಿಗೆ ಮತ್ತೆ ಆ ಡಾಕ್ಟರ ಮನೆಗೇ ಹೋದಾಗ ಅಡಿಗೆಮನೆಯಲ್ಲಿ ಆ ತಾಯಿ ಒಬ್ಬರೇ ಇದ್ದ ಹೊತ್ತು ನೋಡಿ, ಸ್ಲೈಡು ತೋರಿಸಿ, ಚೈನಾಟೌನಿನ ಮುದುಕನ ಕಥೆ ಹೇಳಿ, ತಪ್ಪಾಯಿತೆಂದೆ.

ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ನನಗೆ ಗೊತ್ತಿತ್ತಲ್ಲ. ನಿಮಗೆ ಗೊತ್ತಾಗ್ಲಿಕ್ಕೆ ಚೀನಾದವ್ರೇ ಬೇಕಾಯ್ತಾ?” ಎಂದರು. ನಾನು ಹೊರಡುವಂತೆ ಕಂಡೆನೋ ಏನೋ. “ಎಲ್ಲಿಗೆ ಹೋಗೂದು? ಅವತ್ತು ಹಾಲ್‌ನಲ್ಲಿ ಹೇಳಿದ್ರಲ್ಲ, ಎಲ್ರೂ ನಗಾಡಿದ್ರಲ್ಲ. ಇದನ್ನೂ ಅಲ್ಲೇ ಹೇಳಿ. ನನ್ನ ಮಗ ಅಲ್ಲೇ ಕೂತಿದ್ದಾನೆ.”

ಹಾಲ್‌ನ ನಡುವೆ ನಿಂತು, ಗಟ್ಟಿಯಾಗಿ, ಎಲ್ಲವನ್ನೂ ಹೇಳಿದೆನೆಂದು ನನ್ನ ನೆನಪು. ಬಾಯಲ್ಲಿ ಚಿತ್ರಾನ್ನ ಇಟ್ಟುಕೊಂಡು ಗೊಣಗಿದಿರಿ, ಡಾಕ್ಟರು ಎರಡು ಸಲ “ಏನು? ಏನಂದ್ರಿ?” ಎಂದು ಕೇಳಿದರು ಎಂದು ಹೆಂಡತಿಯ ನೆನಪು. ಆ ವರ್ಷ ಆ ತಾಯಿ ಊರಿಗೆ ಹೋಗಲಿಲ್ಲ ಎನ್ನುವುದನ್ನು ಇಬ್ಬರೂ ಒಪ್ಪುತ್ತೇವೆ. ಆದರೆ ಅದಕ್ಕೆ ನನ್ನ ಮಾತು ಕಾರಣವೋ, ಮಗುವನ್ನು ನೋಡಿಕೊಳ್ಳಲು ಬೇರೆ ಯಾರೂ ಸಿಗದಿದ್ದದ್ದು ಕಾರಣವೋ, ಹೇಳಲಾರೆ.

ಬಹಳ ವರ್ಷಗಳ ಮೇಲೆ ಮತ್ತೆ ಮಲಾಕಾಕ್ಕೆ ಹೋದೆ. ಈ ಸಲ ಕ್ಯಾಮರಾ ಒಯ್ಯಲಿಲ್ಲ. ಶಾಲೆಯ ಕಡೆಯಿಂದ ನಡೆದು ಬಂದು ಸೇತುವೆ ಇಳಿದೆ. ಬಟ್ಟೆ ಅಂಗಡಿ ಇರಲಿಲ್ಲ, ಚಪ್ಪಲಿ ಅಂಗಡಿ ಇತ್ತು. ಹುಂಜದ ಬಾಲ ಮುರಿದಿತ್ತು. ಅದು ಇದ್ದದ್ದು ಬಲಗಡೆ.